ಎರಡು ಟ್ಯಾಂಕ್ ನೀರು ತೋರಿಸಿದ ರಂಗನಾಯಕ

ಗುಜ್ಜನಹುಂಡಿಯಲ್ಲಿ ನೀರು ಬಿಡುತ್ತಿದ್ದ ರಂಗನಾಯಕ ಐವತ್ಮೂರನೆಯ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡ. ಕದ್ದದ್ದಕ್ಕಲ್ಲ, ಕುಡಿದು ಬಿದ್ದದ್ದಕ್ಕಲ್ಲ, ಕೆಲಸ ತಪ್ಪಿಸಿದ್ದಕ್ಕೂ ಅಲ್ಲ. ಒಂದು ದಿನ ತನ್ನ ಊರು ಬಂದವರ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಆಸೆಪಟ್ಟ. ಒಂಬತ್ತು ತಿಂಗಳಾದ ಮೇಲೆ, ಹಾಗೆ ಮಾಡಿದ್ದು ನಿಜ ಎಂದು ಬರೆದುಕೊಟ್ಟ. ಫೈಲಿನಲ್ಲಿ ಇದು ‘ಸ್ಥಳೀಯ ಸಿಬ್ಬಂದಿಯ ದುರ್ನಡತೆ’ ಎಂಬ ಮೂರು ಪದವಾಗಿ ಮುಗಿದುಹೋಗಿದೆ. ಮೂರು ಪದದಲ್ಲಿ ಮುಗಿಯುವಷ್ಟು ಸಣ್ಣ ಮನುಷ್ಯ ಅವನಲ್ಲ.

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವಾಗ ರಸ್ತೆ ಬಿಟ್ಟು ಒಳಗೆ ಸರಿದ ಊರು ಗುಜ್ಜನಹುಂಡಿ. ಇನ್ನೂರ ನಲವತ್ತು ಮನೆ, ಐದು ಬೀದಿ. ಐದನೆಯದು ಊರಿನ ಕೊನೆಯಲ್ಲಿ ದಿಬ್ಬದ ಮೇಲಿದೆ. ನಲವತ್ತು ಮನೆಯ ಆ ಬೀದಿಗೆ ದಿಬ್ಬದ ಬೀದಿ ಎಂದೇ ಹೆಸರು. ಊರ ಬೇರೆ ಜಾಗವೆಲ್ಲ ಹಂಚಿಕೆಯಾದ ಮೇಲೆ ಉಳಿದವರಿಗೆ ಉಳಿದ ಜಾಗ ಅದು. ಯಾರು ಉಳಿದವರು ಎಂದು ಬಿಡಿಸಿ ಹೇಳಬೇಕಾಗಿಲ್ಲ, ನಮ್ಮ ಕಡೆಯ ಯಾವ ಊರಿಗೆ ಹೋದರೂ ಕೊನೆಯ ಬೀದಿಯಲ್ಲಿ ಅವರೇ ಇರುತ್ತಾರೆ.

ರಂಗನಾಯಕನ ಅಪ್ಪ ಊರ ಕೆರೆಯ ನೀರುಗಂಟಿ. ತೂಬು ಎತ್ತಿ ಸರದಿಯ ಪ್ರಕಾರ ಗದ್ದೆಗಳಿಗೆ ನೀರು ಹಾಯಿಸುವುದು ಅವನ ಕಸುಬು. ಆ ಕಸುಬಿನಲ್ಲಿ ಒಂದು ಕಟ್ಟಳೆ ಇತ್ತು: ನೀರು ಮೊದಲು ಹೋಗಬೇಕಾದ್ದು ತೂಬಿನ ಪಕ್ಕದ ಗದ್ದೆಗಲ್ಲ, ಕಟ್ಟಕಡೆಯ ಗದ್ದೆಗೆ. ಮುಂದಿನವನು ಹೇಗಾದರೂ ಮಾಡಿ ನೀರು ಪಡೆಯುತ್ತಾನೆ, ಕಡೆಯವನಿಗೆ ನೀರುಗಂಟಿ ಬಿಟ್ಟರೆ ದಿಕ್ಕಿಲ್ಲ. ಕೆರೆ ಹೂಳು ತುಂಬಿ, ಅಪ್ಪನ ಕಸುಬು ಹೋಯಿತು. ಊರಿಗೆ ಕೊಳಾಯಿ ಬಂದಾಗ ಪಂಚಾಯಿತಿಯವರು ಮಗನ ಕೈಗೆ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀ ಕೊಟ್ಟರು. ಅವನಿಗೆ ಟ್ರೈನಿಂಗು ಎಂದು ಯಾರೂ ಏನೂ ಕೊಡಲಿಲ್ಲ. ಅಪ್ಪನಿಂದ ಕಂಡದ್ದನ್ನೇ ಮಾಡಿದ. ಬೆಳಿಗ್ಗೆ ಐದೂವರೆಗೆ, ಟ್ಯಾಂಕು ತುಂಬಿ ಒತ್ತಡ ಜೋರಾಗಿರುವಾಗಲೇ, ಮಿಕ್ಕ ನಾಲ್ಕು ಬೀದಿ ಮುಚ್ಚಿ ಮೊದಲು ದಿಬ್ಬದ ಬೀದಿಗೆ ಬಿಡುತ್ತಿದ್ದ. ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿದರೆ ನೀರು ದಿಬ್ಬ ಹತ್ತುವುದಿಲ್ಲ ಎಂಬುದು ಅವನಿಗೆ ಕೈಯಲ್ಲಿ ಗೊತ್ತಿತ್ತು.

ಆಮೇಲೆ ದೊಡ್ಡ ಯೋಜನೆ ಬಂತು. ಕಪಿಲೆಯಿಂದ ನೀರೆತ್ತಿ, ಶುದ್ಧ ಮಾಡಿ, ಇಪ್ಪತ್ತೇಳು ಊರಿಗೆ ಕೊಡುವುದು. ಕಾಮಗಾರಿಯ ದುಡ್ಡಿನಲ್ಲಿ ಸರ್ಕಾರದ್ದು ಒಂದು ಪಾಲು, ಕಂಪನಿಯದು ಒಂದು ಪಾಲು. ಹದಿನೈದು ವರ್ಷ ನಡೆಸುವುದು ಕಂಪನಿ. ಸಾರ್ವಜನಿಕ-ಖಾಸಗಿ ಸಹಭಾಗಿತ್ವ ಎಂದು ಟ್ಯಾಂಕಿನ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದರು. ರಂಗನಾಯಕ ಪಂಚಾಯಿತಿಯ ಆಳಾಗಿದ್ದವನು ಕಂಪನಿಯ ಆಳಾದ. ಕೀ ಅದೇ, ಐದೂವರೆ ಅದೇ. ಊರಿಗೆ ದಿನಕ್ಕೊಂದು ಟ್ಯಾಂಕು ನೀರು ಬರುತ್ತಿತ್ತು. ಉಕ್ಕುವಷ್ಟಿಲ್ಲ, ಆದರೂ ಯಾರ ಮನೆಯಲ್ಲೂ ಒಲೆಯ ಮೇಲಿನ ಪಾತ್ರೆ ನೀರಿಗಾಗಿ ಕಾಯುತ್ತಿರಲಿಲ್ಲ.

ಕೊರೋನಾ ಮುಗಿದ ಮೇಲೆ ಕಂಪನಿ ಸರ್ಕಾರಕ್ಕೊಂದು ಕಾಗದ ಬರೆಯಿತು. ಕರೆಂಟಿನ ದರ ಏರಿದೆ, ನೀರು ಶುದ್ಧ ಮಾಡುವ ಆಲಂ, ಕ್ಲೋರಿನ್ ಬೆಲೆ ಏರಿದೆ, ಬ್ಯಾಂಕಿನ ಬಡ್ಡಿ ಏರಿದೆ, ಎಲ್ಲೋ ಯುದ್ಧ ನಡೆಯುತ್ತಿದೆ, ನಾಳೆ ಏನಾಗುವುದೋ ಹೇಳಲಾಗದು. ಆದ್ದರಿಂದ ಹಳೆಯ ಕರಾರಿನ ಪ್ರಕಾರ ನಡೆಸಲು ಸಾಧ್ಯವಿಲ್ಲ, ಮತ್ತೆ ಮಾತಿಗೆ ಕೂರೋಣ. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಲೆ ಏರಿದ್ದು ನಿಜ. ಆದರೆ ಅದೇ ಬೆಲೆ ಏರಿದ್ದು ದಿಬ್ಬದ ಬೀದಿಯವರಿಗೂ. ಅವರು ಯಾರ ಜೊತೆ ಮಾತಿಗೆ ಕೂರಬೇಕೆಂದು ಯಾವ ಕರಾರಿನಲ್ಲೂ ಬರೆದಿಲ್ಲ.

ಮಾತಿಗೆ ಕೂತವರ ಕಷ್ಟ ನೋಡಿ. ಕಂಪನಿಗೆ ಕೊಡುವ ದರ ಏರಿಸಲು ಸರ್ಕಾರದ ಕೈಯಲ್ಲಿ ದುಡ್ಡಿಲ್ಲ. ನಷ್ಟ ಹೊರಲು ಕಂಪನಿಗೆ ಮನಸ್ಸಿಲ್ಲ. ಇಬ್ಬರ ಮಾನವೂ ಉಳಿಯುವ ಹಾಗೆ ಇಳಿಸಬಹುದಾದದ್ದು ಒಂದೇ ಉಳಿದಿತ್ತು, ನೀರು. ಯಾವ ಊರಿಗೆ ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆಯೋ ಅಲ್ಲಿ ಕಡಿತ ಮಾಡುವುದು ಎಂದಾಯಿತು. ಊರ ಬಾಗಿಲಿನ ಮೀಟರುಗಳು ಮೂರು ವರ್ಷದಿಂದ ಕೆಟ್ಟು ಕೂತಿದ್ದವು. ಆದ್ದರಿಂದ ಪ್ರತಿ ಊರಿಗೂ ಒಂದು ದಿನ ಹೋಗಿ ಕಣ್ಣಾರೆ ಅಳೆದು ಬನ್ನಿ ಎಂದು ಮೈಸೂರಿನ ಒಂದು ಸರ್ವೆ ಸಂಸ್ಥೆಗೆ ವಹಿಸಿದರು.

ಈ ಯಾವುದನ್ನೂ ರಂಗನಾಯಕನಿಗೆ ಯಾರೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ಯಾರಿಗೂ ಅನ್ನಿಸಲೂ ಇಲ್ಲ. ಕಂಪನಿಯ ಸೂಪರ್‌ವೈಸರ್ ನಂಜೇಶ್ ಜನವರಿಯಲ್ಲಿ, ಅಳೆಯುವವರು ಬರುವ ಎರಡು ದಿನ ಮುಂಚೆ ಫೋನು ಮಾಡಿದ.

“ರಂಗಣ್ಣ, ಬುಧವಾರ ಇನ್‌ಸ್ಪೆಕ್ಷನ್ ಅದೆ. ಮೈಸೂರಿಂದ ಬತ್ತಾವ್ರೆ. ಕಡೆ ನಲ್ಲೀಲೂ ನೀರ್ ಬರ್ಬೇಕು.”

“ದಿನಾ ಬತ್ತದಲ್ಲ ಸಾ.”

“ಬತ್ತದೆ ಅಂದ್ರೆ ಆಗಲ್ಲ ಕಣಣ್ಣ, ಕಾಣಬೇಕು. ಆಮೇಲೆ ನನ್ ತಲೆ ತಗ್ಸುಬ್ಯಾಡ.”

ಇನ್‌ಸ್ಪೆಕ್ಷನ್ ಎಂದರೆ ರಂಗನಾಯಕನಿಗೆ ಗೊತ್ತಿದ್ದದ್ದು ಒಂದೇ ಅರ್ಥ: ಬರುವವರು ಕೆಲಸದವನ ತಪ್ಪು ಹುಡುಕಲು ಬರುತ್ತಾರೆ. ಅದರ ಜೊತೆಗೆ ಇನ್ನೊಂದಿತ್ತು. ನಮ್ಮ ಕಡೆ ಹೆಣ್ಣು ನೋಡಲು ಬರುತ್ತಾರೆ ಎಂದರೆ ಪಕ್ಕದ ಮನೆಯ ಹಸು ಈ ಮನೆಯ ಕೊಟ್ಟಿಗೆಗೆ ಬಂದು ನಿಲ್ಲುತ್ತದೆ, ಎದುರು ಮನೆಯ ಅಕ್ಕಿ ಮೂಟೆ ಈ ಮನೆಯ ನಡುಮನೆಗೆ ಬರುತ್ತದೆ. ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಬಂದವರ ಮುಂದೆ ಬಡತನ ತೋರಿಸುವುದು ಮನೆಯವರಿಗೆ ಮಾತ್ರವಲ್ಲ, ಇಡೀ ಬೀದಿಗೆ ಅವಮಾನ. ಮಂಗಳವಾರ ಬೆಳಿಗ್ಗೆ ರಂಗನಾಯಕ ಐದು ಬೀದಿಯನ್ನೂ ಸುತ್ತಿ ಒಂದೇ ಮಾತು ಹೇಳಿದ: “ಇವತ್ ನೀರ್ ಬಿಡಲ್ಲ. ನಾಳೆ ಊರ್ಗೆ ಜನ ಬತ್ತಾವ್ರೆ, ಒಸಿ ಸುಧಾರ್ಸ್ಕಳಿ.” ಒಬ್ಬರೂ ಏಕೆ ಎಂದು ಕೇಳಲಿಲ್ಲ. ಎಲ್ಲರಿಗೂ ಅರ್ಥವಾಯಿತು. ದಿಬ್ಬದ ಬೀದಿಯ ಚಿಕ್ಕಬಸಮ್ಮ, ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಅರವತ್ತರ ಹೆಂಗಸು, ಹಸುವಿಗೆ ಕುಡಿಸಲು ನೀರಿಲ್ಲದಿದ್ದರೂ, “ಆಗ್ಲಿ ಬುಡ್ಲಾ ರಂಗ, ಒಂದಿನ ತಾನೆ,” ಎಂದಳು.

ಬುಧವಾರ ಬಂದವಳು ವಾಣಿ. ಇಪ್ಪತ್ತಾರರ ಹುಡುಗಿ, ಕೈಯಲ್ಲಿ ಗಡಿಯಾರ, ಅಳತೆಯ ಬಕೆಟ್ಟು, ರಟ್ಟಿಗೆ ಸಿಕ್ಕಿಸಿದ ಫಾರಂ. ಟ್ಯಾಂಕಿನಲ್ಲಿ ನಿನ್ನೆಯ ನೀರು ಪೂರ್ತಿ ನಿಂತಿತ್ತು. ಅದು ಇಳಿಯುತ್ತಿದ್ದ ಹಾಗೆ ಅಂದಿನ ನೀರು ಬಂದು ತುಂಬುತ್ತಿತ್ತು. ಒಂದೇ ಬೆಳಿಗ್ಗೆ ಎರಡು ಟ್ಯಾಂಕು ಹರಿಯಿತು. ದಿಬ್ಬದ ಬೀದಿಯ ಕೊನೆಯ ನಲ್ಲಿಯಲ್ಲಿ ಬಕೆಟ್ಟು ಮುಕ್ಕಾಲು ನಿಮಿಷಕ್ಕೆ ತುಂಬಿ ಚೆಲ್ಲಿತು. ಆ ನಲ್ಲಿ ಹಾಗೆ ಹರಿದದ್ದನ್ನು ಬೀದಿಯವರೇ ಕಂಡಿರಲಿಲ್ಲ.

“ದಿನಾ ಹೀಗೇ ಬರುತ್ತಾ?” ಎಂದು ವಾಣಿ ಕೇಳಿದಳು.

“ಬತ್ತದೆ ಕಣವ್ವ, ನೀರ್ಗೇನ್ ಕಮ್ಮಿ ಇಲ್ಲ,” ಎಂದಳು ಚಿಕ್ಕಬಸಮ್ಮ, ಸೆರಗು ಸರಿಮಾಡಿಕೊಂಡು. “ನಮ್ ರಂಗ ನೋಡ್ಕತಾನೆ.”

ವಾಣಿ ರಂಗನಾಯಕನ ಕಡೆ ತಿರುಗಿದಳು. “ಹೌದಾ ಅಣ್ಣ?”

“ಊ ಮೇಡಂ,” ಎಂದ ಅವನು. ಅವನ ಮನೆಯಲ್ಲಿ ಉಪ್ಪಿಟ್ಟು ತಿಂದು, ಒಳ್ಳೆ ಊರು ಎಂದು ಹೊಗಳಿ, ಏನಾದರೂ ಇದ್ದರೆ ಫೋನು ಮಾಡಿ ಎಂದು ನಂಬರು ಬರೆದುಕೊಟ್ಟು ಅವಳು ಹೋದಳು. ಆ ದಿನ ರಂಗನಾಯಕನ ಎದೆ ಎಷ್ಟು ಉಬ್ಬಿತ್ತೆಂದರೆ, ಸಂಜೆ ನಂಜೇಶ್ ಫೋನು ಮಾಡಿ “ಭೇಷ್ ರಂಗಣ್ಣ” ಎಂದದ್ದನ್ನು ಹೆಂಡತಿ ಚಲುವಮ್ಮನಿಗೆ ಮೂರು ಸಲ ಹೇಳಿದ. ಅವಳು ನಂಜನಗೂಡಿನ ಗಾರ್ಮೆಂಟ್ಸಿನಲ್ಲಿ ದಿನವೆಲ್ಲ ನಿಂತು ಬಂದವಳು, ಮೂರನೆಯ ಸಲ ಕೇಳುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಫಾರಂ ಮೈಸೂರಿಗೆ ಹೋಯಿತು, ಬೆಂಗಳೂರಿಗೆ ಹೋಯಿತು. ಗುಜ್ಜನಹುಂಡಿಗೆ ದಿನಕ್ಕೆ ಎರಡು ಟ್ಯಾಂಕು ಹೋಗುತ್ತಿದೆ, ಅರ್ಧ ಇಳಿಸಿದರೂ ಒಂದು ಟ್ಯಾಂಕು ಉಳಿಯುತ್ತದೆ, ಜನರಿಗೆ ತೊಂದರೆಯಾಗದು ಎಂದು ಯಾರೋ ಒಬ್ಬರು, ನಿಜಕ್ಕೂ ತೊಂದರೆಯಾಗಬಾರದೆಂಬ ಕಾಳಜಿಯಿಂದಲೇ, ಬರೆದರು. ಜೂನ್‌ನಲ್ಲಿ ಹೊಸ ಕರಾರಿಗೆ ಸಹಿ ಬಿತ್ತು. ಜುಲೈ ಒಂದರಿಂದ ಊರಿನ ಕೊಳವೆಗೆ ನಾಲ್ಕು ಗಂಟೆ ಬಿಡುತ್ತಿದ್ದ ನೀರು ಎರಡೇ ಗಂಟೆ. ಇದ್ದದ್ದು ಒಂದು ಟ್ಯಾಂಕು, ಆದದ್ದು ಅರ್ಧ.

ಅರ್ಧ ಟ್ಯಾಂಕಿಗೆ ದಿಬ್ಬ ಹತ್ತುವ ಶಕ್ತಿಯಿಲ್ಲ.

ರಂಗನಾಯಕ ಏನೆಲ್ಲ ಮಾಡಿದ. ನಾಲ್ಕು ಬೀದಿ ಮುಚ್ಚಿ ಮುಕ್ಕಾಲು ಗಂಟೆ ದಿಬ್ಬಕ್ಕೊಂದಕ್ಕೇ ಬಿಟ್ಟು ನೋಡಿದ. ಮೊದಲ ಹತ್ತು ಮನೆಗೆ ದಾರದಂತೆ ಬಂತು, ಮುಂದಕ್ಕಿಲ್ಲ. ಅಷ್ಟರಲ್ಲಿ ಊರ ಮುಂದಿನ ಬೀದಿಯವರು ಬಂದು ಕೀಗೆ ಕೈ ಹಾಕಿದರು. ನಂಜೇಶ್‌ಗೆ ಫೋನು ಮಾಡಿದರೆ, “ಮೇಲಿಂದ ಆರ್ಡರ್ ಕಣಣ್ಣ, ನಿಮ್ಮೂರ್ಗೆ ಜಾಸ್ತಿ ಬತ್ತಿತ್ತಂತೆ, ಸರ್ವೆ ಆಗದೆ,” ಎಂದ.  ಬುಧವಾರ ಬಂದವಳು ಏನನ್ನು ಅಳೆಯಲು ಬಂದಿದ್ದಳು ಎಂಬುದು ರಂಗನಾಯಕನಿಗೆ ಗೊತ್ತಾದದ್ದು ಆಗ.

ದಿಬ್ಬದ ಬೀದಿಯಲ್ಲಿ ಇದ್ದ ಒಂದು ಬೋರಿನ ನೀರು ಬಾಯಿಗಿಟ್ಟರೆ ಉಪ್ಪು, ಬೇಳೆ ಬೇಯುವುದಿಲ್ಲ. ಒಳ್ಳೆಯ ನೀರು ಸಿಗುವುದು ಊರ ಹೊರಗಿನ ರಾಜೇಂದ್ರನ ತೋಟದ ಪಂಪಿನಲ್ಲಿ. ರಾಜೇಂದ್ರ ಮುಂದಿನ ಬೀದಿಯವನು, ಎಂಟು ಎಕರೆ ಬಾಳೆ, ಹನ್ನೆರಡು ಹಸು. ಅವನು ನೀರಿಲ್ಲ ಎನ್ನಲಿಲ್ಲ, ದುಡ್ಡೂ ಕೇಳಲಿಲ್ಲ. “ತಗಂಡೋಗ್ರಮ್ಮ, ನೀರ್ಗೆ ಯಾರಾರ ಬ್ಯಾಡ ಅಂತಾರಾ. ಅಂಗೇ ಬರ್ತಾ ಒಸಿ ಕೊಟ್ಗೆ ಬಳುದ್ಬುಡಿ,” ಎಂದ. ಮೊದಲ ವಾರ ಒಬ್ಬಳು ಬಳಿದಳು. ಆಮೇಲೆ ಸರದಿ ಬಂತು. ಆಮೇಲೆ ತಿಪ್ಪೆ ಹೊರುವುದು, ಹುಲ್ಲು ಹಾಕುವುದು. ಚಿಕ್ಕಬಸಮ್ಮನ ಅತ್ತೆ ಇದೇ ಮನೆತನದ ಕೊಟ್ಟಿಗೆಯನ್ನು ಕೂಲಿಯಿಲ್ಲದೆ ಬಳಿದವಳು. ಅದು ಬೇಡವೆಂದೇ ಚಿಕ್ಕಬಸಮ್ಮ ಸಂಘದಲ್ಲಿ ಸಾಲ ಎತ್ತಿ ತನ್ನದೇ ಹಸು ಕಟ್ಟಿದ್ದಳು. ಬೀದಿಗೆ ನಲ್ಲಿ ಬಂದದ್ದು, ತಲೆ ಎತ್ತಿ ನಡೆದದ್ದು, ಎಲ್ಲ ಒಂದು ಸಹಿಯಲ್ಲಿ ಹಿಂದಕ್ಕೆ ಹೋಯಿತು. ಆ ಸಹಿ ಹಾಕಿದವರಿಗೆ ರಾಜೇಂದ್ರನ ಕೊಟ್ಟಿಗೆ ಎಲ್ಲಿದೆಯೆಂದು ಗೊತ್ತಿಲ್ಲ. ಕರಾರಿನಲ್ಲಿ ಸಗಣಿಗೆ ಕಲಂ ಇರುವುದಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ ಚಿಕ್ಕಬಸಮ್ಮ ಟ್ಯಾಂಕಿನ ಹತ್ತಿರ ಬಂದಳು. ಸೀರೆಯ ಅಂಚಿನಲ್ಲಿ ಸಗಣಿ. ಮಂಡಿ ನೋವಿಗೆ ಬಟ್ಟೆ ಕಟ್ಟಿದ್ದಳು.

“ಲೋ ರಂಗ, ಆ ಉಡ್ಗಿ ನನ್ನೂ ಕೇಳುದ್ಲು, ನಾನೂ ಬತ್ತದೆ ಅಂದೆ. ನಂಗೆ ಗೊತ್ತಿರ್ಲಿಲ್ಲ. ನಿಂಗ್ ಗೊತ್ತಿತ್ತಾ?”

“ಇಲ್ಲ ಕಣಕ್ಕ. ನಮ್ಮಪ್ಪನಾಣೆ.”

“ಸತ್ತೋದೋರ್ನ ಯಾಕ್ ಎಳ್ದೀಯೆ. ಗೊತ್ತಿರ್ನಿಲ್ಲ ಅಂದ್ರೆ ಈಗ ಓಗಿ ಯೋಳು. ನೀನ್ ಬುಟ್ಟಿದ್ದು ಎಲ್ಡ್ ದಿನದ್ ನೀರು ಅಂತ. ಯೋಳೋಕ್ ನಿಂಗಾಗ್ದಿದ್ರೆ, ನಾಳಿಂದ ರಾಜೇಂದ್ರನ್ ಕೊಟ್ಗೆ ನೀನೇ ಬಳಿ.”

ಹೇಳಿದರೆ ಏನಾಗುತ್ತದೆ ಎಂಬುದು ಅವನಿಗೂ ಗೊತ್ತಿತ್ತು, ಚಲುವಮ್ಮನಿಗೂ ಗೊತ್ತಿತ್ತು. ಅವಳು ಗಾರ್ಮೆಂಟ್ಸಿನ ವ್ಯಾನಿಗೆ ಕಾಯುತ್ತ ಜಗುಲಿಯ ಮೇಲೆ ಟಿಫನ್ ಕ್ಯಾರಿಯರ್ ಹಿಡಿದು ಹೇಳಿದಳು: “ಇಪ್ಪತ್ತೆಲ್ಡ್ ವರ್ಸ ಗೇದಿದ್ದೀಯ. ತಪ್ ಮಾಡಿದ್ದು ಊರೆಲ್ಲಾ. ಕೆಲ್ಸ ಓಗದು ನಿನ್ನೊಬ್ಬಂದೇ.”

“ಕೀ ಇದ್ದದ್ದು ನನ್ ಕೈಲಿ ಕಣಮ್ಮಿ.”

“ಕೀ ನಿನ್ ಕೈಲಿತ್ತು. ಊರಿನ ಮಾನ ನಿನ್ ಕೈಲಿತ್ತಾ? ಯಾರ್ ಕೊಟ್ಟಿದ್ರು ಅದ್ನ?” ವ್ಯಾನು ಬಂತು. ಹತ್ತಿದ ಮೇಲೆ ಕಿಟಕಿಯಿಂದ ತಿರುಗಿ, “ಏನಾರ ಮಾಡು. ನನ್ ಕೇಳುದ್ರೆ ಬ್ಯಾಡ ಅಂತೀನಿ, ಅದ್ಕೇ ಕೇಳ್ಬ್ಯಾಡ,” ಎಂದಳು.

ಅವನು ವಾಣಿಗೆ ಫೋನು ಮಾಡಿದ. ಅವಳು, “ಅಣ್ಣ, ಆವತ್ತೇ ಹೇಳಬಾರದಿತ್ತಾ. ನಾನು ಏನು ನೋಡಿದೆನೋ ಅದನ್ನೇ ಬರೆದೆ,” ಎಂದಳು. “ಬರೆದುಕೊಡಿ. ನಾನು ಕಳಿಸ್ತೀನಿ. ಆದರೆ ನಿಮ್ಮ ಕೆಲಸ…” ನಂಜನಗೂಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಟೈಪು ಮಾಡುವ ಅಂಗಡಿಯಲ್ಲಿ ಕೂತು ಅವನು ಒಂದು ಪುಟ ಬರೆಸಿದ. ಹಿಂದಿನ ದಿನ ಯಾರಿಗೂ ನೀರು ಬಿಟ್ಟಿರಲಿಲ್ಲ, ತೋರಿಸಿದ್ದು ಎರಡು ದಿನದ ನೀರು, ಊರಿಗೆ ಬರುತ್ತಿದ್ದದ್ದು ದಿನಕ್ಕೊಂದೇ ಟ್ಯಾಂಕು, ತಪ್ಪು ನನ್ನದು. ಅಂಗಡಿಯವನು ‘ಕ್ಷಮಿಸಬೇಕಾಗಿ ವಿನಂತಿ’ ಎಂದು ಕೊನೆಗೆ ತಾನೇ ಸೇರಿಸಿದ್ದ. ರಂಗನಾಯಕ ಅದನ್ನು ಹೊಡೆಸಿ, ‘ನೀರು ಬಿಡಬೇಕಾಗಿ ವಿನಂತಿ’ ಎಂದು ಬರೆಸಿದ.

ನವೆಂಬರಿನಲ್ಲಿ ಟಿ. ನರಸೀಪುರದಲ್ಲಿದ್ದ ಯೋಜನೆಯ ಕಚೇರಿಗೆ ಕರೆಸಿದರು. ಅಧಿಕಾರಿ ಕೆಟ್ಟವನಲ್ಲ. ಕುರ್ಚಿ ಕೊಟ್ಟ, ಟೀ ತರಿಸಿದ. ನಂಜೇಶ್ ಗೋಡೆಗೆ ಒರಗಿ ಮೊಬೈಲ್ ನೋಡುತ್ತಿದ್ದ.

“ರಂಗನಾಯಕ್, ಅಳತೆ ತಿರುಚಿದೆ ಅಂತ ನೀವೇ ಬರೆದುಕೊಟ್ಟಿದ್ದೀರಿ. ಗೊತ್ತಿದೆಯಾ?”

“ತಿರುಚ್ನಿಲ್ಲ ಸಾ. ನೀರ್ ಉಳಿಸ್ಕಂಡು ಬುಟ್ಟೆ.”

“ಯಾಕೆ?”

“ಬಂದೋರ್ ಮುಂದೆ ಕಮ್ಮಿ ಆಗ್ಬಾರ್ದು ಅಂತ.”

ಅಧಿಕಾರಿ ನಕ್ಕ. ಅವನ ಊರಿನಲ್ಲೂ ಹೀಗೇ ಇರಬೇಕು. ಆಮೇಲೆ ಹೊಸ ಕರಾರು ತೆಗೆದು ಒಂದು ಪುಟಕ್ಕೆ ಬೆರಳಿಟ್ಟ. ಐದು ವರ್ಷ ನೀರಿನ ಪ್ರಮಾಣ ಬದಲಾಯಿಸುವಂತಿಲ್ಲ. ಕಾಲ ಸರಿಯಿಲ್ಲ, ನಾಳೆ ಏನೆಂದು ಗೊತ್ತಿಲ್ಲ, ಹಾಗಾಗಿ ಕಂಪನಿಗೂ ಬ್ಯಾಂಕಿಗೂ ಒಂದು ಭರವಸೆ ಬೇಕಿತ್ತು, ಕೊಟ್ಟಿದ್ದೇವೆ ಎಂದ. ಅಂದರೆ, ನಾಳೆಯ ಭಯ ಎಲ್ಲರಿಗೂ ಇದೆ, ಆದರೆ ಕಾಗದದ ಮೇಲೆ ಭರವಸೆ ಪಡೆದವರು ಇಬ್ಬರೇ. ಮಿಕ್ಕ ಭಯವನ್ನೆಲ್ಲ ಗುಡ್ಡೆ ಹಾಕಿ ದಿಬ್ಬದ ಬೀದಿಯಲ್ಲಿ ಸುರಿಯಲಾಗಿತ್ತು.

“ಒಂದೇ ದಾರಿ ಇದೆ,” ಎಂದ ಅಧಿಕಾರಿ. “ಒಬ್ಬ ಕೆಲಸದವನ ಹೇಳಿಕೆ ಸಾಲದು. ಐದು ಬೀದಿಯಿಂದಲೂ ಇಬ್ಬಿಬ್ಬರು, ಹಿಂದಿನ ದಿನ ನಮಗೆ ನೀರು ಬಿಟ್ಟಿರಲಿಲ್ಲ ಅಂತ ಸಹಿ ಮಾಡಿಕೊಡಲಿ. ಅಳತೆಯೇ ತಪ್ಪು ಅಂತ ನಾನು ಮೇಲಕ್ಕೆ ಬರೀತೀನಿ. ಹದಿನೈದು ದಿನದೊಳಗೆ.”

ಹತ್ತು ಸಹಿ. ಊರಿನಲ್ಲಿ ಆರುನೂರು ಮಂದಿ ಸಹಿ ಬಲ್ಲವರಿದ್ದಾರೆ. ರಂಗನಾಯಕ ಅದೇ ಸಂಜೆ ಹೊರಟ.

ದಿಬ್ಬದ ಬೀದಿಯಲ್ಲಿ ನಲವತ್ತು ಮನೆಯೂ ಸಹಿ ಹಾಕಿತು. ಚಿಕ್ಕಬಸಮ್ಮ ಮಸಿಡಬ್ಬಿ ದೂರ ತಳ್ಳಿ, “ಎಬ್ಬೆಟ್ಟು ಬ್ಯಾಡ, ಎಸ್ರು ಬರೀತೀನಿ,” ಎಂದು ಐದು ನಿಮಿಷ ಕೂತು ಬರೆದಳು. ಮಿಕ್ಕ ನಾಲ್ಕು ಬೀದಿಯಲ್ಲಿ ಒಬ್ಬರೂ ಇಲ್ಲ. ಅವರಿಗೂ ನೀರು ಕಡಿಮೆಯಾಗಿತ್ತು, ಬೈಯುತ್ತಲೂ ಇದ್ದರು. ಆದರೆ ಅವರ ನಲ್ಲಿಯಲ್ಲಿ ಇನ್ನೂ ನೀರಿತ್ತು. ರಾಜೇಂದ್ರ ಹಲ್ಲು ಬಿಟ್ಟು ನಕ್ಕು, “ನಂಗ್ಯಾಕಣ್ಣ, ನಂದು ಬೋರ್ ಅದೆ,” ಎಂದ. ಎರಡನೆಯ ಬೀದಿಯಲ್ಲಿ ರಂಗನಾಯಕನ ಪಕ್ಕದ ಮನೆಯ ಗೋವಿಂದಯ್ಯ ಮಾತ್ರ ಮನಸ್ಸಿನಲ್ಲಿದ್ದದ್ದನ್ನು ಹೇಳಿದ.

“ಊರ್ಗೂರೇ ಸೇರ್ಕಂಡು ಸರ್ಕಾರ್ದೋರ್ಗೆ ಆಟ ಆಡ್ಸುದ್ರು ಅಂತ ನಾನೇ ರುಜು ಆಕ್ಲಾ? ನಾಳಿಕೆ ನಮ್ಮೂರ್ ಎಣ್ ತರೋರು ಏನಂತಾರೆ? ಕೇಸ್ ಆದ್ರೆ?”

“ಕೇಸ್ ಆದ್ರೆ ನನ್ ಮ್ಯಾಲೆ ಗೋಯಿಂದಣ್ಣ. ಅವ್ರು ಕೊಟ್ಗೆ ಬಳೀತಾವ್ರೆ.”

“ಬಳೀಲಿ ಬುಡು. ಮುಂಚೆ ಬಳೀತಿರ್ನಿಲ್ವಾ.”

ಹಳ್ಳಿಯ ಒಳ್ಳೆಯತನದ ಬಗ್ಗೆ ಹಾಡುವವರು ಈ ಒಂದು ಮಾತನ್ನು ಮನೆಯ ಗೋಡೆಗೆ ಬರೆಸಿಕೊಳ್ಳಲಿ. ನೀರು ತುಂಬಿ ತೋರಿಸುವ ದಿನ ದಿಬ್ಬದ ಬೀದಿಯೂ ಊರೇ ಆಗಿತ್ತು. ಒಂದು ದಿನದ ನೀರು ಬಿಟ್ಟುಕೊಟ್ಟು ಊರ ಮರ್ಯಾದೆ ಕಾದಿತ್ತು. ಅದರ ಬೆಲೆ ತೆರುವ ದಿನ ಬಂದಾಗ ಅದು ಬರೀ ದಿಬ್ಬದ ಬೀದಿ. ಕಂಪನಿಯ ಮೇಲೆ ಸಿಟ್ಟು ಮಾಡುವುದು ಸುಲಭ. ಅದು ಲಾಭಕ್ಕೆ ಹುಟ್ಟಿದ್ದು, ಲಾಭ ನೋಡಿತು. ಗೋವಿಂದಯ್ಯನ ಮೇಲಿನ ಸಿಟ್ಟನ್ನು ಎಲ್ಲಿಡುವುದು?

ಹದಿನೈದನೆಯ ದಿನ ರಂಗನಾಯಕ ನಲವತ್ತು ಸಹಿಯ ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಟಿ. ನರಸೀಪುರದ ಬಸ್ ಹತ್ತಿದ. ಅಧಿಕಾರಿ ಎಲ್ಲವನ್ನೂ ತಿರುವಿ ನೋಡಿದ. “ಎಲ್ಲ ಒಂದೇ ಬೀದಿ,” ಎಂದ. ಆಮೇಲೆ ರಂಗನಾಯಕನನ್ನು ನೋಡದೆ, “ಇದನ್ನ ಒಂದು ಬೀದಿಯ ದೂರು ಅಂತ ಪಂಚಾಯಿತಿಗೆ ಕಳಿಸಬಹುದು, ಅಷ್ಟೇ,” ಎಂದ. ಪಂಚಾಯಿತಿಯಿಂದ ಇವತ್ತಿನವರೆಗೆ ಉತ್ತರವಿಲ್ಲ. ಕಂಪನಿಯಿಂದ ಮಾತ್ರ ಬೇಗ ಬಂತು. ಅಳತೆಯಲ್ಲಿ ಮೋಸ ಮಾಡಿದ್ದಾಗಿ ಸ್ವತಃ ಒಪ್ಪಿಕೊಂಡಿರುವುದರಿಂದ ಕೆಲಸದಿಂದ ತೆಗೆಯಲಾಗಿದೆ. ನಂಜೇಶ್ ತಾನೇ ಬೈಕಿನಲ್ಲಿ ಬಂದು ಕೀ ತೆಗೆದುಕೊಂಡ.

“ಬಾಯ್ ಮುಚ್ಕಂಡಿದ್ರೆ ರಿಟೈರ್ ಆಗೋಗಂಟ ಇರ್ಬೋದಿತ್ತಲ್ಲಣ್ಣ.”

“ಊ ಸಾ.”

“ನಂಗೂ ಬ್ಯಾಜಾರಯ್ತದೆ ಕಣಣ್ಣ.”

“ಕೀ ತುದಿ ಸವ್ದದೆ ಸಾ. ಮೂರ್ನೇ ಬೀದೀಲಿ ಒಸಿ ಎತ್ತಿ ತಿರುಗ್ಸೋಕ್ ಯೋಳಿ ಹೊಸಬ್ನಿಗೆ,” ಎಂದ ರಂಗನಾಯಕ.

ಹೊಸಬನು ಬೇರೆ ಊರಿನವನು, ಕಂಪನಿ ಕೊಟ್ಟ ಪಟ್ಟಿ ನೋಡಿ ನೀರು ಬಿಡುತ್ತಾನೆ. ಪಟ್ಟಿಯಲ್ಲಿ ಮೊದಲ ಬೀದಿ ಮೊದಲು, ದಿಬ್ಬದ ಬೀದಿ ಕೊನೆಗೆ. ಕೊನೆಯ ಮುಕ್ಕಾಲು ಗಂಟೆ ಅವನು ನಿಯಮದ ಪ್ರಕಾರ ವಾಲ್ವ್ ತೆರೆದಿಟ್ಟು, ನಲ್ಲಿಗಳು ಗಾಳಿ ಉಸುರುವುದನ್ನು ಕೇಳಿಸಿಕೊಂಡು, ನಿಯಮದ ಪ್ರಕಾರ ಮುಚ್ಚಿ ಹೋಗುತ್ತಾನೆ. ಹೊಸ ಕರಾರಿನ ಅವಧಿ ಮುಗಿಯಲು ಇನ್ನೂ ವರ್ಷಗಳಿವೆ.

ಕೆಲಸ ಹೋದ ಮರುದಿನ ಬೆಳಿಗ್ಗೆ ರಂಗನಾಯಕ ಎಂದಿನಂತೆ ಎದ್ದ. ಎದ್ದ ಮೇಲೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಜಗುಲಿಯಲ್ಲಿ ನಿಂತಿದ್ದ. ಆಮೇಲೆ ಊರ ಹೊರಗೆ ನಡೆದ. ರಾಜೇಂದ್ರನ ಕೊಟ್ಟಿಗೆಯಲ್ಲಿ ಅವತ್ತು ಚಿಕ್ಕಬಸಮ್ಮನ ಸರದಿ. ಅವಳು ಮಂಡಿ ಹಿಡಿದುಕೊಂಡು ಬಗ್ಗಲು ಹೋದಾಗ ರಂಗನಾಯಕ ಕೈ ಚಾಚಿದ.

“ಪೊರ್ಕೆ ಕೊಡಕ್ಕ.”

“ಸಿಟ್ನಲ್ ಅಂದಿದ್ದು ಕಣ್ಲಾ ಅದು. ನೀನ್ ಯೋಳ್ಬುಟ್ಟೆಯಲ್ಲ, ಓಗು ಮನೆಗೆ.”

“ಯೋಳಿ ಏನಾಯ್ತಕ್ಕ, ನೀರ್ ಬಂತಾ?”

ಅವಳು ಪೊರಕೆ ಕೊಟ್ಟು ಪಕ್ಕಕ್ಕೆ ಸರಿದಳು. ಹಲ್ಲುಜ್ಜುತ್ತ ಹೊರಗೆ ಬಂದ ರಾಜೇಂದ್ರ ಕೊಟ್ಟಿಗೆಯಲ್ಲಿ ಬಗ್ಗಿದ್ದ ಬೆನ್ನು ನೋಡಿ, “ಇದೇನ್ ರಂಗಣ್ಣ, ನೀನ್ಯಾಕ್ ಬಂದೆ?” ಎಂದ. ರಂಗನಾಯಕ ಮುಂದಿನ ಹಸುವಿನ ಕಡೆ ಸರಿದ. ಹನ್ನೆರಡು ಹಸುವಿನ ಕೆಳಗೆ ಬಳಿದು, ತಿಪ್ಪೆಗೆ ಹಾಕಿ, ಚಿಕ್ಕಬಸಮ್ಮನ ಎರಡು ಕೊಡ ತುಂಬಿಸಿ, ತಲಾ ಒಂದು ಹಿಡಿದು ಇಬ್ಬರೂ ದಿಬ್ಬ ಹತ್ತಿದರು. ಅವನ ಕೆಲಸ ಹೋಗಿ ಎರಡು ವರ್ಷವಾಯಿತು. ಅವಳ ಸರದಿಯ ದಿನ ಈಗಲೂ ಅವನೇ ಬಳಿಯುತ್ತಾನೆ.